ಮಸಿಯನ್ನು ನಂಬಿದವನು

ಇಂಗಾಲದ ಲೆಕ್ಕ ಬರೆಯುವ ಕೆಲಸಕ್ಕೆ ಈಚೆಗೆ ಕರ್ನಾಟಕದಲ್ಲೂ ಹುಡುಗ ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದಾರೆ. ಅವರಲ್ಲಿ ಕೆಲವರು ಯಾರಿಂದಲೋ ನನ್ನ ನಂಬರು ಹಿಡಿದು ವಿಶಾಖಪಟ್ಟಣಕ್ಕೆ ಫೋನ್ ಮಾಡುತ್ತಾರೆ. "ಸರ್, ಈ ಕೆಲಸಕ್ಕೆ ಮುಖ್ಯವಾಗಿ ಏನು ಬೇಕು?" ಎಂದು ಕೇಳುತ್ತಾರೆ. ಅನುಮಾನ ಬೇಕು ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೋ, ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೋ, ಅದೂ ನನಗೆ ಅನುಮಾನವೇ.

ಫೋನಿನಲ್ಲಿ ಅರ್ಧ ಮಾತ್ರ ಹೇಳಲು ಬರುತ್ತದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನಗೆ ಹೆಮ್ಮೆ ತರುವ ಸಂಗತಿ ಕಡಿಮೆ. ನನ್ನ ಅನುಮಾನದಿಂದ ಒಬ್ಬ ಹೆಣ್ಣುಮಗಳ ಹೆಸರು ಕೆಟ್ಟಿತು. ಆಕೆ ಅಪ್ಪಲನರಸಮ್ಮ. ಕೆಡಿಸಿದ್ದು ಹೇಗೆ, ತಿದ್ದಲು ಹೋದಾಗ ಎಷ್ಟು ತಿದ್ದಿತು ಎಂಬುದನ್ನು ಮುಚ್ಚಿಟ್ಟು ನಿಮಗೆ ಉಪದೇಶ ಮಾಡಿದರೆ ಇದೂ ಒಂದು ಸುಳ್ಳು ವರದಿಯಾಗುತ್ತದೆ. ಅಂಥವನ್ನು ಬೇಕಾದಷ್ಟು ಓದಿದ್ದೇನೆ.

ನಾನು ಗೋಕಾಕ ತಾಲ್ಲೂಕಿನವನು. ಮೀಸೆ ಸರಿಯಾಗಿ ಮೂಡುವ ಮೊದಲೇ ನೌಕಾಪಡೆ ಸೇರಿ, ಹದಿನೈದು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ ಕಳೆದೆ. ಅಲ್ಲಿ ನನ್ನ ಮೇಲಿದ್ದ ಹಿರಿಯರೊಬ್ಬರು ಕಲಿಸಿದ್ದು ಒಂದೇ ಪಾಠ. ಟ್ಯಾಂಕಿನಲ್ಲಿ ಎಣ್ಣೆ ತುಂಬಿದೆ ಎಂದು ಯಾರಾದರೂ ಹೇಳಿದರೆ ತಲೆಯಾಡಿಸಬೇಡ, ಅಳತೆ ಕೋಲು ಇಳಿಸಿ ನೋಡು. ಹೇಳಿದವನು ನಿನ್ನ ಒಡಹುಟ್ಟಿದವನೇ ಆಗಿರಲಿ. ಆ ಕೋಲನ್ನು ನಾನು ಹಡಗಿನಿಂದ ಇಳಿದ ಮೇಲೂ ಕೈಬಿಡಲಿಲ್ಲ. ಸಿಂಹಾಚಲಂ ಬೆಟ್ಟದ ಬುಡದ ಸತ್ಯವತಿಯನ್ನು ಮದುವೆಯಾಗಿ ಇಲ್ಲೇ ನೆಲೆಸಿದೆ. ಹಾಲಿನವನ ಲೀಟರನ್ನು ನಾನು ಇನ್ನೊಮ್ಮೆ ಅಳೆಯುವುದನ್ನು ನೋಡಿ, ನನ್ನಿಂದಲೇ ಕಲಿತ ಕನ್ನಡದಲ್ಲಿ ಅವಳು "ತಾ ಕಳ್ಳ, ಪರರ ನಂಬ" ಎಂದು ಛೇಡಿಸುತ್ತಿದ್ದಳು.

ನೌಕಾಪಡೆ ಬಿಟ್ಟ ಮೇಲೆ ಬಾಯ್ಲರ್ ತಪಾಸಣೆಯ ಒಂದೆರಡು ಕೆಲಸ ಮಾಡಿ, ಕೊನೆಗೆ ವಿಜಯವಾಡದ ಒಂದು ಸಣ್ಣ ಕಚೇರಿಗೆ ಬಂದು ಬಿದ್ದೆ. ಹೆಸರು ಬೇಡ, ನಾವು ಅದನ್ನು ಕೋಶ ಎಂದೇ ಕರೆಯುತ್ತಿದ್ದೆವು. ಭವಾನಿಪುರದ ಒಂದು ಬಾಡಿಗೆ ಮನೆಯ ಮಹಡಿ, ಕೆಳಗೆ ಟೈಲರ್ ಅಂಗಡಿ. ವಾರವೆಲ್ಲ ಅಲ್ಲಿ ಅಥವಾ ಹಳ್ಳಿಗಳ ಮೇಲೆ, ಶನಿವಾರ ರೈಲು ಹತ್ತಿ ವಿಶಾಖಪಟ್ಟಣ. ಬೋರ್ಡಿನ ಮೇಲೆ ಸಾಮರ್ಥ್ಯ ವರ್ಧನೆ ಎಂದು ತೆಲುಗು, ಇಂಗ್ಲಿಷುಗಳಲ್ಲಿ ಬರೆದಿತ್ತು. ಯಾರ ಸಾಮರ್ಥ್ಯ, ಏತಕ್ಕೆ ಎಂದು ಟೈಲರ್ ಆರು ತಿಂಗಳು ನನ್ನನ್ನು ಕೇಳುತ್ತಲೇ ಇದ್ದ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ದೂರದ ದೇಶದ ಒಂದು ಕಂಪನಿ ಹೊಗೆ ಬಿಡುತ್ತದೆ. ಅಷ್ಟು ಹೊಗೆಯನ್ನು ನಮ್ಮ ಕಡೆ ಯಾರಾದರೂ ಕಡಿಮೆ ಮಾಡಿ ತೋರಿಸಿದರೆ ಅದಕ್ಕೊಂದು ಪತ್ರ ಹುಟ್ಟುತ್ತದೆ. ಕಂಪನಿ ಆ ಪತ್ರವನ್ನು ಕೊಂಡು, ತನ್ನ ಹೊಗೆ ಸರಿದೂಗಿತು ಎನ್ನುತ್ತದೆ. ಅಂದರೆ ಮಾರಾಟವಾಗುವ ಸರಕು ಯಾವುದು? ಹೊರಡದೇ ಹೋದ ಹೊಗೆ. ಹೊರಟ ಹೊಗೆಯನ್ನಾದರೂ ನೋಡಬಹುದು, ಮೂಸಬಹುದು. ಹೊರಡದ ಹೊಗೆಯನ್ನು ನೋಡುವವರು ಯಾರು? ಕಳ್ಳನಿಗೆ ಇಷ್ಟು ದೊಡ್ಡ ಬಾಗಿಲಿರುವ ವ್ಯಾಪಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಮೊದಲು ಎಲ್ಲವನ್ನೂ ಹೊರಗಿನವರೇ ಮಾಡುತ್ತಿದ್ದರು. ಯೋಜನೆ ಬರೆಯುವವರೂ ಅವರೇ, ಅದು ಸರಿಯಿದೆ ಎನ್ನುವವರೂ ಅವರೇ. ನಮ್ಮವರದು ಜೀಪು ಓಡಿಸುವುದು, ಮಾತು ತರ್ಜುಮೆ ಮಾಡುವುದು, ಎಳನೀರು ಕೆತ್ತುವುದು. ನಮ್ಮ ನೆಲದಲ್ಲಿ ಇಂಥ ಯೋಜನೆಗಳು ನಡೆಯಬೇಕಾದರೆ ಅಳೆಯಲು, ಬರೆಯಲು, ತಪಾಸಣೆ ಮಾಡಲು ಬಲ್ಲ ನಮ್ಮದೇ ಜನ ಇರಬೇಕು, ಅವರ ಮಾತನ್ನು ಹೊರಗಿನವರು ಒಪ್ಪುವಂತಿರಬೇಕು. ಅಂಥವರನ್ನು ತಯಾರು ಮಾಡುವುದಕ್ಕೆ ಹುಟ್ಟಿದ್ದು ನಮ್ಮ ಕೋಶ. ಉದ್ದೇಶ ಒಳ್ಳೆಯದೇ. ಆದರೆ ಬೆಳ್ಳಗಿರೋದೆಲ್ಲ ಹಾಲಲ್ಲ.

ಕೋಶದ ಮುಖ್ಯಸ್ಥರು ಪ್ರಸಾದರಾವ್. ತಂದೆ ವಿಜಯವಾಡದವರು, ತಾಯಿ ಬಳ್ಳಾರಿಯ ಕನ್ನಡದವರು. ಹಾಗಾಗಿ ನನ್ನ ಜೊತೆ ಕನ್ನಡದಲ್ಲೇ ಮಾತಾಡಲು ಹಟ ಹಿಡಿಯುತ್ತಿದ್ದರು. "ಬಸವರಾಜ್ ಗಾರೂ, ನನ್ನದು ಅರ್ಧ ಬೆಂದ ಕನ್ನಡ, ಅಡ್ಜಸ್ಟ್ ಮಾಡ್ಕೊಳ್ರಿ" ಎನ್ನುವರು. ಕೆಟ್ಟ ಮನುಷ್ಯರಲ್ಲ. ಆದರೆ ಯಾವ ಕಾಗದವನ್ನೂ ಕೊನೆಯ ಪುಟದಿಂದ ಓದುವವರು. ಸಹಿ ಎಲ್ಲಿ ಹಾಕಬೇಕು ಎಂಬುದು ಅವರಿಗೆ ಮೊದಲು ಗೊತ್ತಾಗಬೇಕು.

ನಮ್ಮ ತರಬೇತಿಗಳು ಬೆಂಜ್ ಸರ್ಕಲ್ ಹತ್ತಿರದ ಒಂದು ಹೋಟೆಲ್ಲಿನ ಹಾಲ್‌ನಲ್ಲಿ ನಡೆಯುತ್ತಿದ್ದವು. ಹೊರಗೆ ಲಾರಿ ಹಾರ್ನು, ಒಳಗೆ ಏಸಿ. ಬಂದವರಿಗೊಂದು ಚೀಲ, ಪೆನ್ನು, ನೋಟ್ ಪುಸ್ತಕ, ಮಧ್ಯಾಹ್ನ ಗೋಂಗೂರ ಪಚ್ಚಡಿಯ ಊಟ. ಎಷ್ಟು ಜನ ಬಂದರು ಎಂದು ಬರೆದು ಕಳಿಸಿದರೆ ಅಷ್ಟು ಸಾಮರ್ಥ್ಯ ವರ್ಧಿಸಿತು ಎಂದು ಲೆಕ್ಕ. ಒಮ್ಮೆ ಹಾಜರಿ ಪಟ್ಟಿಯಲ್ಲಿ ಇಪ್ಪತ್ತು ಸಹಿಗಳು ಒಂದೇ ಕೈಯಿಂದ ಬಿದ್ದಿದ್ದವು. ನಾನು ಅದನ್ನು ಹಿಡಿದುಕೊಂಡು ಪ್ರಸಾದರಾವ್ ಅವರ ಮುಂದೆ ಹೋದೆ. ಬಂದವರಾದರೂ ಏನು ಕಲಿತರು ಎಂದು ಹೇಗೆ ತಿಳಿಯುವುದು ಎಂದೂ ಕೇಳಿದೆ.

"ಊಟ ಹ್ಯಾಗಿತ್ತು ಅಂತ ಕೇಳ್ರಿ," ಎಂದರು ಅವರು. "ಅದೊಂದಕ್ಕೆ ಮಾತ್ರ ನಿಜ ಹೇಳ್ತಾರೆ."

ನನಗೆ ಹೆಸರು ತಂದದ್ದು ಒಂದು ಅಕ್ಕಿ ಗಿರಣಿ. ಕಲ್ಲಿದ್ದಲು ಬಿಟ್ಟು ಭತ್ತದ ಹೊಟ್ಟನ್ನೇ ಬಾಯ್ಲರಿಗೆ ಹಾಕುತ್ತಿದ್ದೇವೆ, ಅದಕ್ಕೆ ನಮಗೆ ಪತ್ರ ಬೇಕು ಎಂದು ಅವರು ಅರ್ಜಿ ಹಾಕಿದ್ದರು. ದಾಖಲೆ ಚೊಕ್ಕವಾಗಿತ್ತು. ಹೊರಗಿನಿಂದ ಬಂದಿದ್ದ ತಜ್ಞರು ಪುಟಪುಟಕ್ಕೂ ಸರಿ ಗುರುತು ಹಾಕಿದ್ದರು. ಗಿರಣಿಯ ಮ್ಯಾನೇಜರು ನಾನು ಜೀಪಿನಿಂದ ಇಳಿಯುವಾಗಲೇ ಕೈಮುಗಿದು, ಬಾಗಿ, ಕುರ್ಚಿಯನ್ನು ತಾನೇ ಒರೆಸಿದ. ಅತಿ ವಿನಯಂ ಧೂರ್ತ ಲಕ್ಷಣಂ. ನಾನು ಬಾಯಿ ಬಿಡುವ ಮೊದಲೇ "ಇಲ್ಲಿಗೆ ಕಲ್ಲಿದ್ದಲು ಬರೋದೇ ಇಲ್ಲ ಸಾರ್" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ಇವನು ಯಾರೂ ಅನ್ನದೆಯೇ ಮುಟ್ಟಿ ನೋಡಿಕೊಂಡಿದ್ದ.

ನಾನು ದಾಖಲೆ ಬದಿಗಿಟ್ಟು ಬೂದಿ ಎಲ್ಲಿ ಸುರಿಯುತ್ತೀರಿ ಎಂದು ಕೇಳಿದೆ. ಹಿತ್ತಲಿನ ಗುಂಡಿಗೆ ಇಳಿದು ಕೋಲಿನಿಂದ ಕೆದಕಿದೆ. ಹೊಟ್ಟಿನ ಬೂದಿ ಹಗುರ, ಬೆರಳಲ್ಲಿ ಪುಡಿಯಾಗುತ್ತದೆ. ಮೇಲಿನ ಪದರ ಹಾಗೆಯೇ ಇತ್ತು. ಒಂದು ಮೊಳ ಕೆಳಗೆ ಗಟ್ಟಿ ಕಿಟ್ಟದ ಉಂಡೆಗಳು ಸಿಕ್ಕವು. ಕಲ್ಲಿದ್ದಲು ಉರಿದಾಗ ಮಾತ್ರ ಅಂಥದ್ದು ಉಳಿಯುತ್ತದೆ. ಎರಡು ಉಂಡೆಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದು ಪ್ರಸಾದರಾವ್ ಅವರ ಮೇಜಿನ ಮೇಲಿಟ್ಟೆ. ಅರ್ಜಿ ಬಿದ್ದುಹೋಯಿತು. ತಜ್ಞರು ನನ್ನ ಕೈಕುಲುಕಿದರು. ಆಮೇಲೆ ತಿಂಗಳುಗಟ್ಟಲೆ ಎಲ್ಲ ತರಬೇತಿಯಲ್ಲೂ ಆ ಕಥೆ ಹೇಳಿದೆ. ಮನುಷ್ಯ ಸುಳ್ಳು ಹೇಳಬಹುದು, ಬೂದಿ ಮಸಿಗಳು ಹೇಳುವುದಿಲ್ಲ ಎಂಬ ಮಾತನ್ನೂ ಸೇರಿಸುತ್ತಿದ್ದೆ. ಜನ ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅದನ್ನು ನೋಡಿ ನಾನು ಉಬ್ಬಿದೆ, ಈಗ ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಅದಾದ ಮೇಲೆ ಒಲೆಗಳ ಯೋಜನೆ ಬಂತು. ಸಿಂಹಾಚಲಂ ಬೆಟ್ಟದ ಆಚೆ, ಗೇರು ತೋಪುಗಳ ನಡುವಿನ ಹಳ್ಳಿಗಳಿಗೆ ಕಡಿಮೆ ಕಟ್ಟಿಗೆ ತಿನ್ನುವ ಒಲೆ ಹಂಚಿದರು. ಹೊರಗೆ ತಗಡು, ಒಳಗೆ ಸುಟ್ಟ ಮಣ್ಣಿನ ಬಳೆ. ಹಂಚುವುದು ಸುಲಭ. ಹಂಚಿದ ಒಲೆಯಲ್ಲಿ ನಿಜವಾಗಿ ಅನ್ನ ಬೇಯುತ್ತಿದೆಯೇ, ಇಲ್ಲ ಅದರೊಳಗೆ ಕೋಳಿ ಮೊಟ್ಟೆ ಇಡುತ್ತಿದೆಯೇ ಎಂದು ವರ್ಷವರ್ಷವೂ ತೋರಿಸುವುದು ಕಷ್ಟ. ಅದಕ್ಕಾಗಿ ಸ್ಥಳೀಯರನ್ನೇ ಸರ್ವೆಗೆ ತೆಗೆದುಕೊಂಡೆವು. ಅವರ ಲೆಕ್ಕವನ್ನು ನಾನು ಅಲ್ಲಲ್ಲಿ ಪರೀಕ್ಷಿಸಬೇಕು. ಆ ಸರ್ವೆಯವರಲ್ಲಿ ಒಬ್ಬರು ಅಪ್ಪಲನರಸಮ್ಮ, ಇನ್ನೊಬ್ಬ ರಮಣಬಾಬು.

ಅಪ್ಪಲನರಸಮ್ಮನಿಗೆ ಆಗ ನಲವತ್ತರ ಸುಮಾರು. ಹತ್ತನೆಯ ಕ್ಲಾಸು ಓದಿ, ಮದುವೆಯಾಗಿ, ಗೇರುಬೀಜ ಒಡೆಯುತ್ತಿದ್ದವರು. ಒಮ್ಮೆ ಜೀಪಿನಲ್ಲಿ ಹೋಗುವಾಗ ಅವರೇ ಹೇಳಿದ್ದರು. ಈ ಕೆಲಸಕ್ಕೆ ಬರುವ ಮುಂಚೆ ಊರಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ, ಇಂಥವನ ಹೆಂಡತಿ ಎನ್ನುತ್ತಿದ್ದರಂತೆ. ರಿಜಿಸ್ಟರು ಹಿಡಿದು ಮನೆಮನೆಗೆ ಹೋಗತೊಡಗಿದ ಮೇಲೆ 'ಸರ್ವೆ ಅಮ್ಮ' ಆದರು. ಆಸ್ಪತ್ರೆಯ ಚೀಟಿ ಓದಿಸಲು, ಅರ್ಜಿ ಬರೆಸಲು ಜನ ಅವರ ಮನೆಗೆ ಬರುತ್ತಾರೆ ಎಂದು ಹೇಳುವಾಗ ಅವರ ಮುಖದಲ್ಲಿದ್ದ ಹೆಮ್ಮೆ ನನಗೆ ನೆನಪಿದೆ. ರಮಣಬಾಬು ಬೇರೆ ತರಹದವನು. ಚುರುಕು, ಬೈಕು, ಇಸ್ತ್ರಿ ಮಾಡಿದ ಅಂಗಿ, ಕೇಳುವ ಮೊದಲೇ ಉತ್ತರ.

ಅವರಿಗೆಲ್ಲ ನಾನೇ ತರಬೇತಿ ಕೊಟ್ಟೆ. ಬಳಸುವ ಒಲೆಗೆ ಮೂರು ಗುರುತು ಎಂದು ಹಲಗೆಯ ಮೇಲೆ ಬರೆದೆ. ಒಲೆಯ ಬಾಯಲ್ಲಿ ಮಸಿ, ಒಳಗೆ ಬೂದಿ, ಪಾತ್ರೆಯ ತಳದಲ್ಲಿ ಕಪ್ಪು. ಇವು ಇಲ್ಲದಿದ್ದರೆ ಮನೆಯವರು ಏನೇ ಹೇಳಲಿ, ಬಳಕೆಯಲ್ಲಿಲ್ಲ ಎಂದು ಬರೆಯಿರಿ. ಈ ನಿಯಮ ನನ್ನದೇ. ಕೈಪಿಡಿಯಲ್ಲಿ ನನ್ನ ಹೆಸರಿನೊಂದಿಗೆ ಅಚ್ಚಾಯಿತು.

ಆಗ ಹಿಂದಿನ ಸಾಲಿನಿಂದ ಅಪ್ಪಲನರಸಮ್ಮ ಕೈ ಎತ್ತಿದರು. "ಬಾಬೂ, ನಮ್ಮ ಕಡೆ ಮಸಿ ಉಳಿಯೋದಿಲ್ಲ," ಎಂದರು. ಅವರು ಆಡಿದ್ದು ತೆಲುಗಿನಲ್ಲಿ. ಆ ಕಡೆಯವರು ಗೌರವಕ್ಕೆ ಎಲ್ಲರನ್ನೂ ಬಾಬೂ ಎನ್ನುತ್ತಾರೆ.

"ಮಸಿ ಇಲ್ಲದ ಒಲೆ ಎಲ್ಲಿಯಾದರೂ ಉಂಟೇನಮ್ಮಾ?" ಎಂದೆ. ಹಾಲ್ ತುಂಬ ನಗು. "ಊಟ ಆದಮೇಲೆ ಮಾತಾಡೋಣ."

ಊಟವಾದ ಮೇಲೆ ನಾನು ರೈಲು ಹಿಡಿದೆ. ಶನಿವಾರವಾಗಿತ್ತು.

ಅವರ ಹಳ್ಳಿಗಳಿಗೆ ಪರೀಕ್ಷೆಗೆ ಹೋದದ್ದು ನಾಲ್ಕು ತಿಂಗಳ ನಂತರ. ಮನೆಯಲ್ಲಿ ಪೆಸರಟ್ಟು ತಿಂದು ಜೀಪು ಹತ್ತಿದರೆ ಹಳ್ಳಿ ಮುಟ್ಟುವಾಗ ಹನ್ನೊಂದು ಗಂಟೆ. ಮೊದಲ ಮನೆಯಲ್ಲಿ ಒಲೆ ನೋಡಿ ನಾನು ದಂಗಾದೆ. ತಗಡಿನ ಒಲೆಯನ್ನು ಮಣ್ಣಿನ ಕಟ್ಟೆಯೊಳಗೆ ಹೂತು, ಮೇಲೆಲ್ಲ ಕೆಮ್ಮಣ್ಣು ಸಾರಿಸಿ, ಬಿಳಿ ಹಿಟ್ಟಿನಿಂದ ಮುಗ್ಗು, ಅಂದರೆ ರಂಗೋಲಿ, ಹಾಕಿದ್ದರು. ಬಾಯಲ್ಲಿ ಮಸಿಯಿಲ್ಲ. ಒಳಗೆ ಕೈ ಹಾಕಿದರೆ ಚಿಟಿಕೆ ಬೂದಿಯಿಲ್ಲ. ಪಾತ್ರೆಯ ತಳ ಮದುವೆಯ ಪಾತ್ರೆಯಂತೆ ಹೊಳೆಯುತ್ತಿತ್ತು. ಒಲೆಯೋ, ದೇವರ ಮನೆಯೋ?

"ಬಳಸ್ತೀರಾ?" ಎಂದು ಕೇಳಿದೆ.

"ವಾಡುತುನ್ನಾಂ ಬಾಬೂ," ಎಂದಳು ಮನೆಯಾಕೆ. ಬಳಸುತ್ತಿದ್ದೇವೆ.

ಎರಡನೆಯ ಮನೆಯಲ್ಲೂ ಅದೇ ಸಾರಣೆ, ಅದೇ ರಂಗೋಲಿ, ಅದೇ ಮಾತು. ಹನ್ನೊಂದು ಮನೆ ನೋಡಿದೆ. ಹನ್ನೊಂದರಲ್ಲೂ ಅದೇ ಎರಡು ಶಬ್ದ. ಇದು ಬಾಯಿಪಾಠ ಮಾಡಿಸಿದ್ದು ಎಂದು ನನಗೆ ಖಾತ್ರಿಯಾಯಿತು. ಜನ ನಿಜ ಹೇಳುವಾಗ ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಾರೆ ಎಂಬುದು ನನ್ನ ಸಿದ್ಧಾಂತ. ತಿರುಗಿ ಅಪ್ಪಲನರಸಮ್ಮನ ಕಡೆ ನೋಡಿದೆ. ಅವರು ರಿಜಿಸ್ಟರನ್ನು ಎದೆಗೆ ಅವಚಿಕೊಂಡು ನಿಂತಿದ್ದರು.

"ಪೊದ್ದುನ್ನೇ ರಂಡಿ ಬಾಬೂ," ಎಂದರು. ಬೆಳಿಗ್ಗೆ ಬೇಗ ಬನ್ನಿ ಎಂದು.

ನಾನು ನಕ್ಕೆ. "ಬರ್ತೀನಿ ಅಂತ ಹೇಳಿ ಬಂದರೆ ಎಲ್ಲಾ ಒಲೆಗಳೂ ಉರಿತಿರುತ್ತವೆ ಅಮ್ಮಾ. ನಾನೂ ಅನ್ನ ತಿನ್ನೋನೇ."

ಆ ದಿನ ಎರಡು ಸಾಲು ಬರೆದೆ. ಒಲೆಗಳು ಬಳಕೆಯಲ್ಲಿಲ್ಲ. ಕ್ಷೇತ್ರ ಕಾರ್ಯಕರ್ತೆಯ ಮಾಹಿತಿ ನಂಬಲರ್ಹವಲ್ಲ. ಎರಡನೆಯ ಸಾಲಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಅದು ನಮ್ಮ ಕೋಶದ ಕಡತದಲ್ಲೇ ನಿಲ್ಲುವುದಿಲ್ಲ, ಜಿಲ್ಲೆಯಲ್ಲಿ ಇಂಥ ಕೆಲಸ ಮಾಡುವ ಎಲ್ಲರಿಗೂ ಹೋಗುತ್ತದೆ. ಅವರನ್ನು ಮತ್ತೆ ಯಾರೂ ಸರ್ವೆಗೆ ಕರೆಯುವುದಿಲ್ಲ. ಅವರ ಕರಾರು ಆ ತಿಂಗಳೇ ನಿಂತಿತು. ರಿಜಿಸ್ಟರು ವಾಪಸು ಕೊಡಲು ಬಂದಾಗ ಅದಕ್ಕೆ ಹೊಸ ಬೈಂಡು ಹಾಕಿಸಿದ್ದರು. ನಾನು ಪುಟಗಳನ್ನು ಎಣಿಸಿ ತೆಗೆದುಕೊಂಡೆ.

ರಮಣಬಾಬುವಿನ ಹಳ್ಳಿಗಳಲ್ಲಿ ಒಲೆಗಳು ಹೇಗಿರಬೇಕೋ ಹಾಗಿದ್ದವು. ಬಾಯಿ ಕಪ್ಪಗೆ, ಒಳಗೆ ಬೂದಿ, ಪಾತ್ರೆಯ ತಳ ಕಾಡಿಗೆ. ಮನೆಯವರೂ ಒಬ್ಬೊಬ್ಬರು ಒಂದೊಂದು ತರಹ ಮಾತಾಡಿದರು. ಒಬ್ಬಾಕೆ ಒಲೆಯನ್ನು ಬೈದಳು ಕೂಡ. ನಾನು ಸಂತೋಷದಿಂದ ಸಹಿ ಹಾಕಿದೆ. ಅಷ್ಟರಲ್ಲಿ ಕಾಗದದ ರಿಜಿಸ್ಟರು ಹೋಗಿ ಫೋನು ಬಂದಿತ್ತು, ಒಲೆಯ ಫೋಟೋ ತೆಗೆದು ಅಲ್ಲಿಂದಲೇ ಕಳಿಸಬೇಕಿತ್ತು. ಅವನ ಫೋಟೋಗಳು ಎಷ್ಟು ಚೆನ್ನಾಗಿರುತ್ತಿದ್ದವೆಂದರೆ ಕೈಪಿಡಿಯ ಎರಡನೆಯ ಮುದ್ರಣದಲ್ಲಿ ಅವನ್ನೇ ಹಾಕಿದೆವು. ಬೆಂಜ್ ಸರ್ಕಲ್‌ನ ಹಾಲ್‌ನಲ್ಲಿ ಅವನನ್ನು ನಿಲ್ಲಿಸಿ, ಸರ್ವೆ ಎಂದರೆ ಹೀಗಿರಬೇಕು ಎಂದು ನಾನೇ ಚಪ್ಪಾಳೆ ತಟ್ಟಿಸಿದೆ. ಮುಂದಿನ ವರ್ಷ ಅವನೇ ತರಬೇತುದಾರನಾದ.

ಮೂರು ವರ್ಷ ಕಳೆಯಿತು. ವಿಧಾನ ಮತ್ತೆ ಬದಲಾಯಿತು. ಈ ಸಲ ಬಂದದ್ದು ಅಂಗಿಯ ಗುಂಡಿಯಷ್ಟು ದಪ್ಪದ ಒಂದು ಯಂತ್ರ. ಒಲೆಯ ಪಕ್ಕಕ್ಕೆ ಅಂಟಿಸಿದರೆ ಹತ್ತು ನಿಮಿಷಕ್ಕೊಮ್ಮೆ ಬಿಸಿ ಎಷ್ಟಿದೆ ಎಂದು ತಾನೇ ಗುರುತು ಮಾಡಿಕೊಳ್ಳುತ್ತದೆ. ಪರೀಕ್ಷೆಗೆಂದು ಎರಡೂ ಕಡೆಯ ಹಳ್ಳಿಗಳಲ್ಲಿ ಅಂಟಿಸಿದರು. ಎರಡು ತಿಂಗಳ ಮೇಲೆ ಪ್ರಸಾದರಾವ್ ನನ್ನನ್ನು ಕರೆದು ಕಂಪ್ಯೂಟರು ತೋರಿಸಿದರು.

ಅಪ್ಪಲನರಸಮ್ಮನ ಹಳ್ಳಿಗಳ ಗೆರೆ ದಿನವೂ ಬೆಳಗಿನ ಐದಕ್ಕೆ ಏರಿ, ಏಳರ ಹೊತ್ತಿಗೆ ಇಳಿಯುತ್ತಿತ್ತು. ಸಂಜೆ ಮತ್ತೊಮ್ಮೆ ಏರುತ್ತಿತ್ತು. ಒಂದು ದಿನವೂ ತಪ್ಪಿರಲಿಲ್ಲ. ರಮಣಬಾಬುವಿನ ಹಳ್ಳಿಗಳಲ್ಲಿ ಗೆರೆ ನೆಲಕ್ಕೆ ಮಲಗಿತ್ತು.

ನನ್ನ ಮೊದಲ ಯೋಚನೆ ಏನಿತ್ತು ಎಂದು ಹೇಳಿಬಿಡುತ್ತೇನೆ. ಯಂತ್ರ ಕೆಟ್ಟಿದೆ ಎಂದುಕೊಂಡೆ. ಎರಡು ಹಳ್ಳಿಗಳ ಚೀಟಿ ಅದಲುಬದಲಾಗಿದೆ ಎಂದೆ. ಅಂಟಿಸಿದ ಎಂಜಿನಿಯರು ಯಾರ ಕಡೆಯವನು ಎಂದು ವಿಚಾರಿಸಿದೆ. ಯಾರೋ ಒಲೆಯ ಪಕ್ಕ ದೀಪ ಹಚ್ಚಿಟ್ಟು ಯಂತ್ರವನ್ನು ಬಿಸಿ ಮಾಡುತ್ತಿದ್ದಾರೆ ಎಂದೂ ವಾದಿಸಿದೆ. ಜಗತ್ತಿನಲ್ಲಿ ಎಲ್ಲರ ಮೇಲೂ ಅನುಮಾನ ಬಂತು, ನನ್ನೊಬ್ಬನ ಮೇಲೆ ಬರಲಿಲ್ಲ.

ಶನಿವಾರ ಮನೆಗೆ ಹೋಗಿ ಸತ್ಯವತಿಗೆ ಹೇಳಿದೆ. ಮಸಿಯೇ ಇಲ್ಲದ ಒಲೆಯಲ್ಲಿ ಅಡುಗೆಯಾಗುತ್ತಿದೆ ಎಂದು ಯಂತ್ರ ಸುಳ್ಳು ಹೇಳುತ್ತಿದೆ ಎಂದೆ. ಅವಳು ಬೆಂಡೆಕಾಯಿ ಹೆಚ್ಚುವುದನ್ನು ನಿಲ್ಲಿಸಿದಳು.

"ಏಮಂಡಿ, ನಿಮ್ಮವ್ವ ಏನ ಮಾಡ್ತಿದ್ರು? ನಾ ಮದುವಿಯಾಗಿ ಗೋಕಾಕಕ್ಕ ಬಂದಾಗ ನೋಡೀನಿ ಕದಾ. ಅಡಗಿ ಮುಗದ ಕೂಡ್ಲೇ ಬೂದಿ ತಗದು, ಒಲಿ ಸಾರಿಸಿ, ರಂಗೋಲಿ ಹಾಕಿ ಹೊಲಕ್ಕ ಹೋಗ್ತಿದ್ರು. ಗಡಗಿ ತಳಕ್ಕ ಮೊದಲ ಮಣ್ಣು ಹಚ್ಚಿ ಒಲಿಮ್ಯಾಲೆ ಇಡ್ತಿದ್ರು, ತೊಳದ್ರ ಮಸಿ ಹೋಗ್ಲಿ ಅಂತ. ನೀವು ಎಂಟಕ್ಕ ಏಳೋರು, ನಿಮಗೇನ ಗೊತ್ತು? ಬರೇ ರೊಟ್ಟಿ ಗೊತ್ತು."

ನನ್ನ ಅವ್ವನ ಒಲೆ ಕಣ್ಣ ಮುಂದೆ ಬಂತು. ಕೆಮ್ಮಣ್ಣಿನ ಒದ್ದೆ ವಾಸನೆ, ಅದರ ಮೇಲೆ ಎರಡು ಎಳೆ ರಂಗೋಲಿ. ಹದಿನೇಳು ವರ್ಷ ದಿನವೂ ನೋಡಿದ್ದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ನನ್ನ ಮನೆಯಲ್ಲೇ ಕಂಡದ್ದನ್ನು ಮರೆತಿದ್ದೆ.

ಆದರೂ ಹೆಂಡತಿಯ ಮಾತನ್ನೂ ನಾನು ಹಾಗೆಯೇ ಒಪ್ಪುವವನಲ್ಲ. ಯಾರಿಗೂ ಹೇಳದೆ ಆಟೋ ಮಾಡಿಕೊಂಡು ಬೆಳಗಿನ ಐದಕ್ಕೆ, ಅಪ್ಪಲನರಸಮ್ಮ ಸರ್ವೆ ಮಾಡಿದ್ದ, ಅವರ ಊರಿನ ಪಕ್ಕದ ಹಳ್ಳಿಗೆ ಹೋಗಿ ನಿಂತೆ. ಎಲ್ಲ ಮನೆಯ ಮಾಡಿನಿಂದಲೂ ತೆಳ್ಳಗೆ ಹೊಗೆ ಏಳುತ್ತಿತ್ತು. ತೆರೆದ ಬಾಗಿಲುಗಳಿಂದ ಒಲೆಯ ಬೆಂಕಿ ಕಾಣುತ್ತಿತ್ತು. ನಾವು ಕೊಟ್ಟ ಒಲೆಗಳೇ. ಆರೂವರೆಗೆ ಅನ್ನ ಸಾರು ಇಳಿಸಿದರು. ಬೂದಿಯನ್ನು ಮೊರದಲ್ಲಿ ತುಂಬಿ, ಅರ್ಧ ಪಾತ್ರೆ ತಿಕ್ಕಲು ಎತ್ತಿಟ್ಟು, ಉಳಿದದ್ದನ್ನು ಬದನೆ ಪಾತಿಗೆ ಚೆಲ್ಲಿದರು. ಒದ್ದೆ ಬಟ್ಟೆಯಿಂದ ಒಲೆಯ ಬಾಯಿ ಒರೆಸಿ, ಸಾರಿಸಿ, ಮುಗ್ಗು ಹಾಕಿ, ಎಂಟಕ್ಕೆ ಗೇರು ತೋಪಿಗೆ ಹೊರಟರು. ಎಂಜಲು ಒಲೆ ಬಿಟ್ಟು ಹೊಸಿಲು ದಾಟಬಾರದಂತೆ. ಒಬ್ಬಾಕೆ ನನ್ನ ಗುರುತು ಹಿಡಿದಳು. "ಅವತ್ತು ಹನ್ನೊಂದು ಗಂಟೆಗೆ ಬಂದಿದ್ದಿರಿ ಅಲ್ವಾ ಬಾಬೂ?" ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಲ್ಲಿಂದ ರಮಣಬಾಬುವಿನ ಹಳ್ಳಿಗೆ ಹೋದೆ. ಅಲ್ಲಿ ಒಲೆಗಳು ಮೂಲೆಯಲ್ಲಿದ್ದವು, ಅಡುಗೆ ಹಳೆಯ ಮೂರು ಕಲ್ಲಿನ ಮೇಲೆ. ನಮ್ಮ ಒಲೆಗೆ ಕಟ್ಟಿಗೆ ಸಣ್ಣಗೆ ಸೀಳಬೇಕು, ಅಷ್ಟು ಪುರುಸೊತ್ತು ಯಾರಿಗಿದೆ ಎಂದರು. ಹಾಗಾದರೆ ಅಂದು ನಾನು ನೋಡಿದ ಮಸಿ? ಒಬ್ಬ ಮುದುಕಿ ನಗುತ್ತಾ ಹೇಳಿದಳು. ನಾನು ಬರುವ ಹಿಂದಿನ ದಿನ ಬೈಕಿನ ಬಾಬು ಬಂದು ಹಳೆಯ ಸೈಕಲ್ ಟ್ಯೂಬಿನ ಚೂರುಗಳನ್ನು ಒಲೆಯಲ್ಲಿ ಸುಟ್ಟನಂತೆ, ಬೂದಿಯನ್ನೂ ಅವನೇ ಹಾಕಿದನಂತೆ, ಯಾರು ಏನು ಹೇಳಬೇಕೆಂದೂ ಹಂಚಿಕೊಟ್ಟನಂತೆ.

"ಮೀಕು ನಲುಪು ಕಾವಾಲಂಟ ಕದಾ ಬಾಬೂ," ಎಂದಳು. ನಿಮಗೆ ಕಪ್ಪು ಬೇಕಂತಲ್ಲ.

ಹೌದು, ನನಗೆ ಕಪ್ಪು ಬೇಕಾಗಿತ್ತು. ಹಲಗೆಯ ಮೇಲೆ ಮೂರು ಗುರುತು ಬರೆದುಕೊಟ್ಟವನು ನಾನೇ. ಕಳ್ಳನ ಕೈಗೆ ಕೀಲಿಕೈ ಕೊಟ್ಟು, ಬೀಗ ಭದ್ರವಾಗಿದೆ ಎಂದು ತಿರುಗಿದ್ದೆ. ಅಪ್ಪಲನರಸಮ್ಮನೂ ಅದೇ ಹಾಲ್‌ನಲ್ಲಿ ಕೂತು ಅದೇ ಪಾಠ ಬರೆದುಕೊಂಡಿದ್ದರು. ಒಂದು ದಿನ ಒಲೆ ಸಾರಿಸಬೇಡಿ ಎಂದು ಆ ಹೆಂಗಸರಿಗೆ ಹೇಳಿದ್ದರೆ ಅವರ ಕೆಲಸ ಉಳಿಯುತ್ತಿತ್ತು. ಅಷ್ಟನ್ನೂ ಅವರು ಹೇಳಿರಲಿಲ್ಲ.

ಸೋಮವಾರ ಪ್ರಸಾದರಾವ್ ಅವರ ಮುಂದೆ ಕೂತು, ನನ್ನ ವರದಿ ತಪ್ಪು ಎಂದು ಬರೆದುಕೊಡುತ್ತೇನೆ, ಆಕೆಯ ಮೇಲಿನ ಷರಾ ತೆಗೆಯಬೇಕು ಎಂದೆ. ಅವರು ಎದ್ದು ಬಾಗಿಲು ಹಾಕಿಕೊಂಡು ಬಂದರು.

"ನೋಡ್ರಿ, ಈಗಷ್ಟೇ ನಮ್ಮವರ ತಪಾಸಣೆಯನ್ನ ಹೊರಗಿನೋರು ಒಪ್ತೀವಿ ಅಂತಿದ್ದಾರೆ. ಮುಂದಿನ ತಿಂಗಳು ನೋಡಾಕ ಬರ್ತಾರೆ. ಈಗ ನೀವು ಇದನ್ನ ಬರೆದ್ರೆ ಒಂದು ವರದಿಗೆ ನಿಲ್ಲಂಗಿಲ್ಲ. ಮಸಿ ನೋಡಿ ಸಹಿ ಹಾಕಿದ್ದು ಎಷ್ಟು ಅಂತ ಎಲ್ಲಾ ಕೇಳ್ತಾರೆ. ಇಷ್ಟು ವರ್ಷ ಕಟ್ಟಿದ್ದು ಬೀಳ್ತೈತೆ. ಅಲ್ಲದೆ ನಿಮಗೆ ರಿಟೈರ್‌ಮೆಂಟ್‌ಗೆ ನಾಲ್ಕೇ ತಿಂಗಳು ಕದಾ?"

"ಆಕಿದೂ ಬಿದ್ದೈತಲ್ರೀ ಸರ್," ಎಂದೆ.

"ಆ ಅಮ್ಮನಿಗೆ ಬ್ಯಾರೆ ಎಲ್ಲಾದ್ರೂ ಕೆಲಸ ನೋಡೋಣ. ಬಾಯಿ ಮಾತಲ್ಲಿ. ಕಾಗದ ಯಾಕೆ?"

ಅವರ ಮಾತಿನಲ್ಲಿ ನ್ಯಾಯವೇ ಇರಲಿಲ್ಲ ಎನ್ನಲಾರೆ. ಕೋಶ ಬಿದ್ದರೆ ನಷ್ಟ ಬರೀ ನಮ್ಮಿಬ್ಬರದಲ್ಲ. ಎರಡು ದಿನ ನಾನೂ ಹೊಯ್ದಾಡಿದೆ. ಆದರೆ ಅಪ್ಪಲನರಸಮ್ಮನ ಹೆಸರು ಕೆಟ್ಟದ್ದು ಕಾಗದದಲ್ಲಿ, ಬಾಯಿ ಮಾತಿನಲ್ಲಿ ಅದು ನೆಟ್ಟಗಾಗುವುದಿಲ್ಲ. ಮೂರು ಪುಟ ಬರೆದೆ. ಪ್ರಸಾದರಾವ್ ಅದನ್ನು ಡ್ರಾಯರಿನಲ್ಲಿ ಇಟ್ಟುಬಿಡುತ್ತಾರೆ ಎಂಬ ಅನುಮಾನದಿಂದ ಒಂದು ಪ್ರತಿಯನ್ನು ನೇರವಾಗಿ ಬರಲಿದ್ದ ತಂಡಕ್ಕೇ ಕಳಿಸಿದೆ. ಆಮೇಲೆ ಗೊತ್ತಾಯಿತು, ಪ್ರಸಾದರಾವ್ ಅವರೂ ಒಂದು ಪ್ರತಿಯನ್ನು ಅದೇ ದಿನ ತಂಡಕ್ಕೆ ಕಳಿಸಿದ್ದರು. ಅಲ್ಲೂ ನನ್ನ ಅನುಮಾನ ಸುಳ್ಳಾಯಿತು.

ತಂಡ ಬಂತು, ಓದಿತು, ಬಹಳ ಗಂಭೀರವಾಗಿ ತಲೆಯಾಡಿಸಿತು. ಮಸಿಯ ಮೇಲೆ ನಾನು ಸಹಿ ಹಾಕಿದ ಎಲ್ಲ ವರದಿಗಳನ್ನೂ ಮತ್ತೆ ತೆರೆದರು. ತಪಾಸಣೆಯವರ ಪಟ್ಟಿಯಿಂದ ನನ್ನ ಹೆಸರು ಹೋಯಿತು, ಕೈಪಿಡಿಯಿಂದ ನನ್ನ ನಿಯಮವೂ ಹೋಯಿತು. ಕೋಶ ಬೀಳಲಿಲ್ಲ, ಮಾನ್ಯತೆ ಎರಡು ವರ್ಷ ಮುಂದಕ್ಕೆ ಹೋಯಿತು. ಬೀಳ್ಕೊಡುಗೆಯ ದಿನ ಭಾಷಣವಿರಲಿಲ್ಲ. ಕೆಳಗಿನ ಟೈಲರ್ ಮಾತ್ರ ಒಂದು ಶರ್ಟು ಹೊಲಿದುಕೊಟ್ಟ. ರಮಣಬಾಬು ಅಷ್ಟರಲ್ಲಿ ದೊಡ್ಡ ಸಲಹಾ ಸಂಸ್ಥೆಯೊಂದನ್ನು ಸೇರಿಯಾಗಿತ್ತು. ಅವನ ಕಡತಕ್ಕೆ ಯಾವ ಷರಾವೂ ಬೀಳಲಿಲ್ಲ, ಏಕೆಂದರೆ ಅವನ ಕೆಲಸ ಒಪ್ಪಿಗೆಯಾಗಿದೆ ಎಂದು ಹಾಕಿದ ಸಹಿ ನನ್ನದು. ಈಗ ನಿಮಗೆ ತರಬೇತಿ ಕೊಡಲು ಅವನೇ ಬಂದರೂ ಬಂದಾನು.

ಅಪ್ಪಲನರಸಮ್ಮನ ಕಡತಕ್ಕೆ ಒಂದು ಸಾಲು ಸೇರಿತು. ಹಿಂದಿನ ಷರಾ ರದ್ದುಪಡಿಸಲಾಗಿದೆ. ಕೆಲಸ ವಾಪಸು ಸಿಗಲಿಲ್ಲ, ಏಕೆಂದರೆ ಆ ಕೆಲಸವನ್ನು ಈಗ ಗುಂಡಿಯಷ್ಟು ಯಂತ್ರ ಮಾಡುತ್ತದೆ. ಆ ಸಾಲಿನ ಪ್ರತಿ ತೆಗೆದುಕೊಂಡು, ನಿವೃತ್ತಿಯ ನಂತರದ ಮೊದಲ ವಾರ ಅವರ ಮನೆಗೆ ಹೋದೆ. ಹನ್ನೊಂದಕ್ಕಲ್ಲ, ಸಂಜೆ ಐದರ ಸುಮಾರಿಗೆ. ಅವರು ಗೇರುಬೀಜದ ಶೆಡ್ಡಿನಿಂದ ಆಗಷ್ಟೇ ಬಂದಿದ್ದರು. ಬೀಜದ ಎಣ್ಣೆಗೆ ಬೆರಳುಗಳು ಕಪ್ಪಾಗಿದ್ದವು. ನನ್ನನ್ನು ನೋಡಿ ಆಶ್ಚರ್ಯ ತೋರಿಸಲಿಲ್ಲ, ಜಗಲಿಯ ಮೇಲೆ ಚಾಪೆ ಹಾಸಿದರು. ಕಾಗದವನ್ನು ನಿಧಾನವಾಗಿ, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿದರು.

"ತಪ್ಪು ನನ್ನದು ಅಮ್ಮಾ," ಎಂದೆ. "ನಿಮ್ಮ ಮಾತು ಕೇಳಬೇಕಾಗಿತ್ತು."

"ಆಮೇಲೆ ಚೀಟಿ ಓದಿಸೋಕೆ ಯಾರೂ ಬರಲಿಲ್ಲ ಬಾಬೂ," ಎಂದರು. "ಸುಳ್ಳು ಬರೆಯೋಳು ಸುಳ್ಳು ಓದ್ತಾಳೆ ಅಂದ್ಕೊಂಡ್ರು." ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಕೂತ್ಕೊಳ್ಳಿ, ಟೀ ಮಾಡ್ತೀನಿ."

ಅವರು ಒಳಗೆ ಹೋದರು. ಕಟ್ಟಿಗೆ ಮುರಿದಂಥ ಸದ್ದು ಕೇಳಿತು, ಪಾತ್ರೆಯ ಸದ್ದು ಕೇಳಿತು. ಹಳ್ಳಿಗಳಿಗೆಲ್ಲ ಈಗ ಗ್ಯಾಸ್ ಬಂದಿದೆ. ಟೀ ಕುದಿಯುತ್ತಿರುವುದು ನಮ್ಮ ಒಲೆಯ ಮೇಲೋ, ಗ್ಯಾಸಿನ ಮೇಲೋ? ನನಗೇ ತಿಳಿಯದಂತೆ ನಾನು ಕುತ್ತಿಗೆ ಉದ್ದ ಮಾಡಿ, ಬಾಗಿಲ ಸಂದಿಯಿಂದ ಒಳಗೆ ಬಗ್ಗಿ ನೋಡುತ್ತಿದ್ದೆ. ತಲೆ ಎತ್ತಿದಾಗ ಅಪ್ಪಲನರಸಮ್ಮ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ ಗೊತ್ತಿಲ್ಲ.

ನನಗೆ ಒಳಗೆ ಚೆನ್ನಾಗಿ ಕಾಣಲಿ ಎಂದು ಅವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.